ಗ್ರೀಕರ ಪಾಠಕ್ಕೆ ನಮ್ಮ ಮನೆಯ ಹೆಪ್ಪು

ಗ್ರೀಕರ ಪಾಠ ನನ್ನದು ಎಂಬ ಜಂಬ ನನಗಿತ್ತು. ಹದಿನೆಂಟು ವರ್ಷದಿಂದ ತಿ. ನರಸೀಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ನಾನು. ಜಗತ್ತು ಗೆಲ್ಲಲು ಹೊರಟ ಗ್ರೀಕ್ ದೊರೆ ಸತ್ತ ಮೇಲೆ ದಂಡನಾಯಕರು ರಾಜ್ಯ ಹಂಚಿಕೊಂಡದ್ದು, ಈಜಿಪ್ಟಿನಿಂದ ಗಾಂಧಾರದವರೆಗೆ ಗ್ರೀಕರ ಭಾಷೆ, ನಾಟಕ, ಶಿಲ್ಪ ಹರಡಿದ್ದು ನನಗೆ ಬಾಯಿಪಾಠ. ಹಾಗಾಗಿ ನಂಜನಗೂಡಿನ ತರಬೇತಿಯಲ್ಲಿ ಇದೇ ಮಾದರಿ ಪಾಠ, ಚೆನ್ನಾಗಿ ಮಾಡಿದವರು ಮೈಸೂರಿನಲ್ಲಿ ಇಡೀ ಜಿಲ್ಲೆಯ ಮುಂದೆ ಮಾಡಬೇಕು ಎಂದಾಗ, ಮೈಸೂರಿಗೆ ಹೋಗುವವನು ನಾನೇ ಎಂದುಕೊಂಡೆ.

ನಾಲ್ಕು ಚಾರ್ಟು, ಒಂದು ನಕ್ಷೆ ತೂಗುಹಾಕಿ ಪಾಠ ಮಾಡಿದೆ. ಮೇಷ್ಟ್ರುಗಳು ಮೊಬೈಲು ನೋಡುತ್ತಿದ್ದರು.

ಆಮೇಲೆ ನನ್ನ ಗೆಳೆಯ ಎದ್ದ. ಬಿ.ಎಡ್. ಒಟ್ಟಿಗೆ ಓದಿದವನು, ಈಗ ನಂಜನಗೂಡಿನಲ್ಲೇ ಮೇಷ್ಟ್ರು. ಬ್ಯಾಗಿನಿಂದ ಫ್ಲಾಸ್ಕು ತೆಗೆದು ಮೂರು ಲೋಟಕ್ಕೆ ಬೆಚ್ಚಗಿನ ಹಾಲು ಸುರಿದ. "ಇದು ಈಜಿಪ್ಟು, ಇದು ಅಫ್ಘಾನಿಸ್ತಾನದ ಕಡೆ ಬ್ಯಾಕ್ಟ್ರಿಯಾ, ಇದು ಗಾಂಧಾರ." ಒಂದೊಂದಕ್ಕೂ ಅರ್ಧ ಚಮಚ ಮೊಸರು ಬಿಟ್ಟ. "ಇದು ಗ್ರೀಕರು. ಹೆಪ್ಪು ಪಕ್ಕದ್ಮನೇದು, ಹಾಲು ಅವರವರ್ದೇ. ಬೆಳಿಗ್ಗೆ ಮೊಸರು ಯಾರ್ದು, ಹೇಳಿ?" ಬುದ್ಧನ ವಿಗ್ರಹದ ಬಟ್ಟೆಯ ನಿರಿಗೆ ಗ್ರೀಕರದ್ದು, ಧ್ಯಾನ ಇಲ್ಲಿನದು, ನಾಣ್ಯದ ಒಂದು ಮುಖಕ್ಕೆ ಗ್ರೀಕ್ ಅಕ್ಷರ, ಇನ್ನೊಂದಕ್ಕೆ ಇಲ್ಲಿನ ಲಿಪಿ ಎಂದ. ಮೊಬೈಲುಗಳೆಲ್ಲ ಜೇಬಿಗೆ ಹೋದವು. ಮೈಸೂರಿಗೆ ಅವನೇ ಎಂದಾಯಿತು.

ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಹಿಂದಿನ ಭಾನುವಾರ ಅವನು ನಮ್ಮ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಿದ್ದಾಗ ನನ್ನ ಹೆಂಡತಿ ಕಾಂಪೌಂಡಿನ ಮೇಲಿಂದ, "ಅಕ್ಕಾ, ಒಸಿ ಹೆಪ್ಪು ಕೊಡಿ" ಎಂದು ಪಕ್ಕದ ಮನೆಯವರನ್ನು ಕೂಗಿದ್ದಳು. ನಾನು ಎಷ್ಟೋ ವರ್ಷದಿಂದ ಕೇಳುತ್ತಿರುವ ಮಾತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನು ನಾನು. ಅವನು ಕದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಬರೀ ಕಣ್ಣು ಬಿಟ್ಟು ನೋಡಿದ್ದ.

ಸೋಮವಾರ ನಾನೂ ಹಾಲು, ಮೊಸರು ಹಿಡಿದುಕೊಂಡು ಕ್ಲಾಸಿಗೆ ಹೋದೆ. ಮಕ್ಕಳ ಮುಖ ಅರಳಿತು. ಮುಂದಿನ ಬೆಂಚಿನ ಹುಡುಗಿ, "ಇದು ನೀವೇ ಯೋಚ್ನೆ ಮಾಡಿದ್ದಾ ಸಾ?" ಎಂದಳು.

"ಹೂಂ" ಎಂದೆ.

ಸಂಜೆ ಗೆಳೆಯನ ಫೋನು. "ಲೇ, ನಾಳೆ ಮೈಸೂರಲ್ಲಿ ಪಾಠ ಕಣ್ಲಾ. ಹೆಪ್ಪು ನಿಮ್ಮನೇದೇ ಆಗ್ಬೇಕು, ನೀನೇ ತಗೊಂಡ್ ಬಾ. ಇದು ನಿಮ್ಮನೇಲಿ ನಮ್ಮತ್ತಿಗೆ ಹತ್ರ ಕಲ್ತ ಪಾಠ ಅಂತ ಸ್ಟೇಜ್ ಮೇಲೇ ಏಳ್ತೀನಿ." ಅವನ ಒಳ್ಳೆತನ ಕಂಡೂ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಬೆಳಿಗ್ಗೆಯ ಆ "ಹೂಂ" ನೆನಪಾಗಿ ನಾಚಿಕೆಯಾಯಿತು.

ನಾಳೆಗೆ ಹೆಪ್ಪು ಬೇಕೆಂದು ಹೆಂಡತಿಗೆ ಹೇಳಿದೆ. ರಾಗಿ ಮುದ್ದೆ ತೊಳಸುತ್ತಿದ್ದವಳು ತಲೆ ಎತ್ತಲಿಲ್ಲ. "ಮನೇಲಿದ್ದ ಮೊಸರೆಲ್ಲ ಬೆಳಿಗ್ಗೆ ಇಸ್ಕೂಲಿಗೆ ನೀವೇ ತಗೊಂಡೋದ್ರಲ್ಲ. ದೀಪ ಅಚ್ಚಿದ್ಮೇಲೆ ಯಾರೂ ಹೆಪ್ಪು ಕೊಡಲ್ಲ ಕಣ್ರೀ, ಬೇಗ ನೀವೇ ಓಗಿ ಇಸ್ಕೊಂಡ್ ಬನ್ನಿ."

ಲೋಟ ಹಿಡಿದು ಪಕ್ಕದ ಮನೆಯ ಬಾಗಿಲಲ್ಲಿ ನಿಂತೆ. ಆಯಮ್ಮ ದೀಪಕ್ಕೆ ಬತ್ತಿ ಹಾಕುತ್ತಿದ್ದವರು, "ಏನ್ ಮೇಷ್ಟ್ರೇ?" ಎಂದರು.

"ಅಕ್ಕಾ, ಒಸಿ ಹೆಪ್ಪು ಕೊಡಿ" ಎಂದೆ. ಆಯಮ್ಮನಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೇಳಬೇಕಾಯಿತು.