ಬಣ್ಣದ ಕೆಳಗಿನ ಹಸಿ ಮರ

ಎಪ್ಪತ್ತರ ಸುಮಾರಿನ ಮಾತು. ಹುಣಸೂರಿನ ಎತ್ತಿನಗಾಡಿ ಕಾರ್ಖಾನೆಯಲ್ಲಿ ನಾನು ಕೊಳ್ಳಲಿದ್ದ ಹೊಸ ಚಕ್ರದ ಬಣ್ಣವನ್ನು, ಕಾರ್ಖಾನೆ ಕಟ್ಟಿದ ಆಚಾರರೇ ಉಳಿಯಿಂದ ಕೆರೆಯತೊಡಗಿದರು. ತಮ್ಮ ಪಾಲುದಾರನ ಮೇಲಿನ ಸಿಟ್ಟಿಗೆ ವ್ಯಾಪಾರ ಕೆಡಿಸುತ್ತಿದ್ದಾರೆಂದು ನನಗೆ ಅನುಮಾನ.

"ಹಸಿ ಮರ ಕಣ್ರೀ. ಬ್ಯಾಸ್ಗೇಲಿ ಒಣಗಿ ಸಡ್ಲಾಯ್ತದೆ, ಇಳಿಜಾರಲ್ಲಿ ಚಕ್ರ ಕಳಚ್ಕೊಂಡು ಎತ್ತಿನ ಕಾಲು ಮುರೀತದೆ," ಎಂದರು.

ಪಾಲುದಾರ ನಕ್ಕ. "ಮರ ಒಣಗೋಗಂಟ ಕಾದ್ರೆ ಗಿರಾಕಿ ಮುದುಕ ಆಯ್ತಾನೆ ಬುಡಿ, ಆಚಾರ್ರೇ."

"ಅಂಗಾದ್ರೆ ನನ್ನ ಪಾಲೂ ನೀನೇ ಇಟ್ಕೊ," ಎಂದ ಆಚಾರರು, ಉಳಿ, ಬಾಚಿಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೊರಟೇಹೋದರು.

ಆಗಲೂ ನಂಬದೆ, ಕೆರೆದ ಜಾಗಕ್ಕೆ ಉಗುರು ಒತ್ತಿ ನೋಡಿದೆ. ಬೆರಳಿಗೆ ತೇವ ಅಂಟಿತು.

ಹಸಿ ಮರಕ್ಕೆ ಬಣ್ಣ ಹೊಡೆಸಿದ ಪಾಲುದಾರನನ್ನು ಬಿಟ್ಟು, ಕೆರೆದು ತೋರಿಸಿದವರನ್ನೇ ನಾನು ಶಂಕಿಸಿದ್ದೆ. ಕ್ಷಮೆ ಕೇಳಲು ಬೀದಿಗೆ ಓಡಿಬಂದೆ. ಅಷ್ಟರಲ್ಲಿ ಅವರು ಬಸ್ಸು ಹತ್ತಿಯಾಗಿತ್ತು.