ಅಣ್ಣನ ಏಳು ಸ್ಟಾಪ್‌ಗಳು

ಚಿಕ್ಕಮಗಳೂರಿನಿಂದ ಮಂಗಳೂರಿಗೆ ಹೊರಟರೆ ಎಷ್ಟು ಕಡೆ ನಿಲ್ಲುತ್ತೀರಿ, ಸ್ನೇಹಿತರೇ? ನಮ್ಮಣ್ಣ ಇವತ್ತು ಏಳು ಕಡೆ ಎಂದು ಚೀಟಿಯಲ್ಲಿ ಬರೆದು ತಂದಿದ್ದ. ಮೂಡಿಗೆರೆಯಲ್ಲಿ ಕಾಫಿ ಆಯಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ಆದ ಮೇಲೂ ಮತ್ತೆ ಕಾಫಿ ಹೇಳಿ, ಕುಡಿಯದೆ ಕಾಲು ಕುಣಿಸುತ್ತಾ ಕೂತ.

"ಅಣ್ಣ, ಮಂಗಳೂರಲ್ಲಿ ಅಕ್ಕ ಕಾಯ್ತಿರ್ತಾಳೆ," ಅಂದೆ.

"ಅವಸರ ಎಂತದು ಮಾರಾಯ? ಘಾಟಿಲಿ ಮಂಜು ಕರಗ್ಲಿ."

ಹೊರಗೆ ರಣಬಿಸಿಲು! ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಮುನಿಸಿಕೊಂಡ ಅಣ್ಣ, ಅಕ್ಕ ಇಬ್ಬರೂ ಮಾತಾಡಿ ಹನ್ನೊಂದು ವರ್ಷ. ಮೊನ್ನೆ ಅಕ್ಕನೇ "ಅವನನ್ನ ಕರ್ಕೊಂಡು ಬಾ" ಎಂದಿದ್ದಳು. ಇವನಿಗೆ ಭಯ, ಅಷ್ಟೇ.

ಅಷ್ಟರಲ್ಲಿ ಅವಳದೇ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ಮನೇಲಿ ಕೂರೋಕೇ ಆಗ್ಲಿಲ್ಲ ಕಣೋ. ಬಸ್ ಹತ್ತಿಬಿಟ್ಟೆ. ಈಗ ಉಜಿರೆಲಿ ಇಳ್ದೆ. ಎಲ್ಲಿದ್ದೀರಿ?"

ಅಣ್ಣ ಎದ್ದೇಬಿಟ್ಟ. "ಅಲ್ಲೇ ಇರೇ, ಬಂದ್ವಿ!" ಎಂದು ಫೋನಿಗೆ ಕೂಗಿದ. ಘಾಟಿ ಇಳಿಯುವವರೆಗೂ "ಬೇಗ ಹೋಗೋ" ಎಂದು ನನ್ನ ಜೀವ ತಿಂದ.

ಈಗ ಉಜಿರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಇಬ್ಬರೂ ಅಂಟಿಕೊಂಡು ಕೂತು, ಮೊದಲು ಮಾತು ಬಿಟ್ಟವರು ಯಾರೆಂದು ಜೋರಾಗಿ ಜಗಳವಾಡುತ್ತಿದ್ದಾರೆ. ಇವತ್ತು ನಾನು ಮಂಗಳೂರು ಕಾಣುವ ಲಕ್ಷಣವಿಲ್ಲ.