ಜಪಾನಿನಿಂದ ಬಂದಿದ್ದ ಉತ್ತರ

ಉತ್ತರ ಬಂದಿತ್ತು. ಬಂದಿಲ್ಲವೆಂದು ಸುಳ್ಳು ಹೇಳಿದವಳು ನಾನು.

ಚಿಕ್ಕೋಡಿಯ ಕಾಲೇಜಿನಲ್ಲಿ ನಾನೂ ಅಥಣಿಯ ಸಂಗೀತಾಳೂ ಬಿ.ಕಾಂ. ಓದುತ್ತಿದ್ದೆವು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ಇಬ್ಬರೂ ಅಂತರರಾಷ್ಟ್ರೀಯ ವ್ಯವಹಾರವನ್ನು ಮೈನರ್ ವಿಷಯವಾಗಿ ತೆಗೆದುಕೊಂಡಿದ್ದೆವು. ನಿಮ್ಮೂರಿನ ಯಾವುದಾದರೂ ಸರಕಿನ ಬಗ್ಗೆ ಹೊರದೇಶದ ಅಂಗಡಿಗಳಿಗೆ ನಿಜವಾಗಿಯೇ ಪತ್ರ ಬರೆಯಿರಿ ಎಂದು ಮೇಡಂ ಹೇಳಿದರು. ಐನಾಪುರದ ನಮ್ಮ ತೋಟದ ಒಣದ್ರಾಕ್ಷಿಯ ಬಗ್ಗೆ ನಾನು ಬರೆದೆ. ಸಂಗೀತಾ ತನ್ನ ಅಪ್ಪನ ಚಪ್ಪಲಿಗಳ ಬಗ್ಗೆ ಬರೆದಳು. ಅಪ್ಪನ ಕೆಲಸವೇನೆಂದು ಯಾರಾದರೂ ಕೇಳಿದರೆ ‘ವ್ಯಾಪಾರ’ ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಿದ್ದ ಹುಡುಗಿ — ‘ನಮ್ಮ ತಂದೆ ಕೈಯಿಂದ ಹೊಲಿಯುತ್ತಾರೆ’ ಎಂದು ಆ ಪತ್ರದಲ್ಲಿ ಮೊದಲ ಸಲ ಬರೆದಿದ್ದಳು. ಅವಳ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಪತ್ರ ನನ್ನ ಮೇಲ್‌ನಿಂದಲೇ ಹೋಯಿತು.

ನನ್ನ ಪತ್ರಗಳಿಗೆ ಯಾರೂ ಉತ್ತರಿಸಲಿಲ್ಲ. ಅವಳದಕ್ಕೆ ಜಪಾನಿನ ಒಂದು ಸಣ್ಣ ಅಂಗಡಿ ಉತ್ತರಿಸಿತು. ಎರಡು ಜೊತೆ ಕಳಿಸಿ, ನೋಡುತ್ತೇವೆ ಎಂದಿದ್ದರು. ಮಾಡಿದವರ ಹೆಸರು ತಿಳಿಸಿ, ಚಪ್ಪಲಿಯ ಪಕ್ಕದಲ್ಲಿ ಬರೆದಿಡುತ್ತೇವೆ ಎಂದೂ... ಮೂರು ಸಲ ಓದಿದೆ. ಆಮೇಲೆ ಅಳಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಕೇಳಿದಳು.

“ಬಂತೇನ್ ಸವಿತಾ, ಉತ್ತರ?”

“ಇಲ್ಲ. ಚಪ್ಪಲಿಗೆಲ್ಲಾ ಯಾರ್ ಉತ್ತರ ಬರೀತಾರ, ಬಿಡು.”

ಇಲ್ಲ ಎಂದಷ್ಟೇ ಹೇಳಿದ್ದರೆ ಅದು ಬರೀ ಒಂದು ಸುಳ್ಳಾಗಿ ಉಳಿಯುತ್ತಿತ್ತು. ಆದರೆ ಆ ಎರಡನೆಯ ಮಾತು — ಅದನ್ನು ಹೇಳೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಬಹಳ ದಿನ ಅದನ್ನು ಹೊಟ್ಟೆಕಿಚ್ಚೆಂದೇ ಕರೆದುಕೊಂಡೆ. ಅಲ್ಲ. ಹೊಲ-ತೋಟವಿದ್ದ ನಮ್ಮ ಮನೆಯ ಹೆಸರನ್ನು ಯಾರೂ ಕೇಳಿರಲಿಲ್ಲ; ಚಪ್ಪಲಿ ಹೊಲಿಯುವ ಅವಳಪ್ಪನ ಹೆಸರನ್ನು ಕೇಳಿದ್ದರು. ಅದನ್ನು ನಾನು ಸಹಿಸಲಿಲ್ಲ.

ಸಂಗೀತಾ ಮುಂದಿನ ಸೆಮಿಸ್ಟರಿಗೆ ಆ ವಿಷಯವನ್ನೇ ಬಿಟ್ಟಳು. ಅಪ್ಪನ ಬಗ್ಗೆ ಮತ್ತೆ ಎಲ್ಲಿಯೂ ಬರೆಯಲಿಲ್ಲ. ನಾನು ಒಳ್ಳೆಯ ಅಂಕ ಪಡೆದು ಕೊಲ್ಲಾಪುರದ ಒಂದು ರಫ್ತು ಕಚೇರಿ ಸೇರಿದೆ. ಹೊರದೇಶದ ಪತ್ರಗಳಿಗೆ ಉತ್ತರ ಬರೆಯುವುದೇ ನನ್ನ ಕೆಲಸ — ಮೂರು ವರ್ಷದಿಂದ, ದಿನವೂ.

ಕಳೆದ ತಿಂಗಳು ಅಥಣಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಸಂಗೀತಾ ಅಳಲಿಲ್ಲ, ಬೈಯಲಿಲ್ಲ.

“ನನಗ ಹೇಳಿದಿ. ಅಪ್ಪಗೂ ನೀನ ಹೇಳು,” ಎಂದಳು.

ಅವರು ಪಡಸಾಲೆಯಲ್ಲಿ ಕೂತು ಹೊಲಿಯುತ್ತಿದ್ದರು. ನನ್ನ ಮಾತು ಮುಗಿಯುವವರೆಗೂ ಕೈ ನಿಲ್ಲಿಸಿ ಕೇಳಿದರು.

“ಏನ್ ಬರದಿದ್ರವಾ ಅವರು? ಅದನ್ನರ ಓದಿ ಹೇಳು.”

ಓದಲು ನನ್ನಲ್ಲಿ ಏನೂ ಉಳಿದಿರಲಿಲ್ಲ. “ಮಾಡಿದವರ ಹೆಸರು ಕೇಳಿದ್ರು, ಕಾಕಾ,” ಎಂದೆ.

“ಹೆಸರು ಕೇಳಿದ್ರಾ,” ಎಂದರು, ತಮಗೆ ತಾವೇ. ಮತ್ತೆ ಹೊಲಿಯತೊಡಗಿದರು.

ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಕೇಳದೆ ಎದ್ದು ಬಂದೆ. ಕೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರೇನೋ — ಅದನ್ನು ಪಡೆದು ಹಗುರಾಗುವ ಹಕ್ಕು ನನಗಿರಲಿಲ್ಲ.